ಎಡಕ್ಕೆ ತಿರುಗದ ಕತ್ತು

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಮೇಲಕ್ಕ ಎಂದೇ ಕರೆಯುತ್ತಿದ್ದರು. ದೊಡ್ಡ ಹುದ್ದೆಯವಳೆಂದು ಅಲ್ಲ, ದಿನಕ್ಕೆ ಎಂಟು ಗಂಟೆ ಎಲ್ಲರ ತಲೆಯ ಮೇಲೆ ಕೂತಿರುತ್ತಾಳೆಂದು. ಸೇತುವೆಗಳಿಗೆ ಉಕ್ಕಿನ ತೊಲೆ ಮಾಡುವ ಶೆಡ್ಡು ಅದು. ಎರಡೂ ಕಡೆಯ ಗೋಡೆಗಳ ಮೇಲೆ ಹಳಿ, ಆ ಹಳಿಯಿಂದ ಈ ಹಳಿಗೆ ಅಡ್ಡಲಾಗಿ ಕ್ರೇನು, ಕ್ರೇನಿನ ಎಡತುದಿಯಲ್ಲಿ ನೇತುಬಿದ್ದ ಒಂದು ಗಾಜಿನ ಡಬ್ಬಿ. ಅದೇ ಅವಳ ಕ್ಯಾಬಿನ್ನು. ನಲವತ್ತೆರಡು ಮೆಟ್ಟಿಲಿನ ಕಬ್ಬಿಣದ ಏಣಿ ಹತ್ತಿ ಬೆಳಿಗ್ಗೆ ಒಳಗೆ ಹೋದರೆ ಊಟಕ್ಕೊಮ್ಮೆ ಇಳಿಯುವುದು, ಮತ್ತೆ ಹತ್ತುವುದು, ಸಂಜೆ ಇಳಿಯುವುದು. ಇಪ್ಪತ್ತೆರಡು ವರ್ಷದಿಂದ ಇದೇ ಪಾಡು.

ಕ್ರೇನು ಓಡಿಸುವುದೆಂದರೆ ಸುಮ್ಮನೆ ಕೂತು ಹಿಡಿ ಎಳೆಯುವುದು ಎಂದುಕೊಂಡವರನ್ನು ಒಂದೇ ಒಂದು ದಿನ ಆ ಕುರ್ಚಿಯಲ್ಲಿ ಕೂರಿಸಬೇಕು. ನೋಡಬೇಕಾದದ್ದೆಲ್ಲ ಕಾಲ ಕೆಳಗೆ ಇರುತ್ತದೆ. ಮೊಣಕಾಲುಗಳ ನಡುವಿನ ಗಾಜಿನಲ್ಲಿ ಕೊಕ್ಕೆ ಕಾಣಬೇಕಾದರೆ ಬೆನ್ನು ಮುಂದಕ್ಕೆ ಬಾಗಬೇಕು, ಗದ್ದ ಎದೆಗೆ ತಾಗಬೇಕು. ಕುರ್ಚಿಯನ್ನು ಯಾವನೋ ಆರಡಿ ಆಳಿನ ಅಳತೆಗೆ ಬೋಲ್ಟು ಬಿಗಿದು ಕೂರಿಸಿದ್ದರು. ಇವಳೋ ಐದಡಿಯ ಮೇಲೆ ಒಂದಿಂಚು. ಹಿಡಿಗಳು ಅವಳಿಗೆ ಎತ್ತರ, ಹಾಗಾಗಿ ಭುಜಗಳು ಇಡೀ ದಿನ ಕಿವಿಯ ಪಕ್ಕದಲ್ಲೇ. ಹಳಿಗೆ ಏಳು ಕಡೆ ಜೋಡಣೆ, ಒಂದೊಂದರ ಮೇಲೆ ಚಕ್ರ ಹಾಯುವಾಗಲೂ ಬಗ್ಗಿದ ಕತ್ತಿಗೆ ಒಂದೊಂದು ಏಟು. ತಲೆಯ ಭಾರ ಸಾಲದೆಂದು ಅದರ ಮೇಲೊಂದು ಹೆಲ್ಮೆಟ್ಟು ಬೇರೆ. ಮೇಲೆ ಯಾವ ವಸ್ತು ಬಿದ್ದೀತೆಂದು ಸೂರಿನ ಕೆಳಗೇ ಕೂತವಳಿಗೆ ಹೆಲ್ಮೆಟ್ಟು ಹಾಕಿಸುತ್ತಾರೋ ಆ ದೇವರಿಗೇ ಗೊತ್ತು. ನಿಯಮ ಎಂದರೆ ನಿಯಮ, ಹಾಕಿಕೊಳ್ಳುತ್ತಿದ್ದಳು.

ಮೊದಮೊದಲು ಕತ್ತಿನ ನೋವು ಬರೀ ಹಿಡಿತವಾಗಿತ್ತು. ಸಂಜೆ ಬಂದು ಬೆಳಿಗ್ಗೆ ಹೋಗುತ್ತಿತ್ತು. ಆಮೇಲೆ ಬೆಳಿಗ್ಗೆಯೂ ಹೋಗದಾಯಿತು. ಮೂರು ವರ್ಷದ ಹಿಂದೆ ಒಂದು ದಿನ ಎಡಗಡೆ ನೋಡಲು ಹೋದವಳಿಗೆ ಕತ್ತಿನ ಬುಡದಿಂದ ಭುಜದವರೆಗೆ ಬೆಂಕಿ ಎಳೆದಂತಾಗಿ ಕಣ್ಣು ಕತ್ತಲಿಟ್ಟಿತು. ಅಂದಿನಿಂದ ಕತ್ತು ಎಡಕ್ಕೆ ನಾಲ್ಕು ಬೆರಳಿನಷ್ಟೂ ತಿರುಗಲಿಲ್ಲ. ಬಲಕ್ಕೆ ತಿರುಗುತ್ತಿತ್ತು, ಕೆಳಕ್ಕೆ ಬಗ್ಗುತ್ತಿತ್ತು, ಎಡಕ್ಕೆ ಮಾತ್ರ ಜಪ್ಪಯ್ಯ ಅಂದರೂ ಇಲ್ಲ. ಇದು ಗೊತ್ತಾದರೆ ಅವಳನ್ನು ಕೆಳಗಿಳಿಸುತ್ತಾರೆ, ಮತ್ತೆಂದೂ ಹತ್ತಲು ಬಿಡುವುದಿಲ್ಲ. ಅದರಲ್ಲಿ ಅವಳಿಗೆ ಯಾವ ಅನುಮಾನವೂ ಇರಲಿಲ್ಲ. ಆದ್ದರಿಂದ ಬಾಯಿಗೆ ಬೀಗ ಹಾಕಿಕೊಂಡಳು.

ಕೆಳಗಿಳಿದರೆ ಏನಂತೆ, ಪ್ರಾಣ ಹೋಗುತ್ತದೆಯೇ ಎಂದು ಕೇಳುವವರು ಅವಳ ಮೊದಲಿನ ನಾಲ್ಕು ವರ್ಷವನ್ನು ನೋಡಿರಬೇಕಿತ್ತು. ಅದೇ ಶೆಡ್ಡಿನಲ್ಲಿ ಕಬ್ಬಿಣದ ಚೂರು ಗುಡಿಸುವ ಕೆಲಸಕ್ಕೆ ಸೇರಿದವಳು ಅವಳು. ಪೊರಕೆ ಹಿಡಿದವಳನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ದಾರಿಗೆ ಅಡ್ಡ ಸಿಕ್ಕರೆ ಮಾತ್ರ ಒಂದು ಗದರಿಕೆ. ಗುಡಿಸುತ್ತಾ ಗುಡಿಸುತ್ತಾ ಮೇಲೆ ನೋಡುತ್ತಿದ್ದಳು. ಒಂದು ದಿನ ಮೇಸ್ತ್ರಿಯ ಮುಂದೆ ನಿಂತು ತನಗೂ ಕ್ರೇನು ಓಡಿಸುವುದನ್ನು ಕಲಿಸಿ ಎಂದಾಗ ಇಡೀ ಶೆಡ್ಡು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎರಡು ವರ್ಷ ಅವರು ನಗುತ್ತಲೇ ಇದ್ದರು, ಇವಳು ಕಲಿಯುತ್ತಲೇ ಇದ್ದಳು. ಕೊನೆಗೆ ನೀರು ತುಂಬಿದ ಬಕೆಟ್ಟನ್ನು ಕೊಕ್ಕೆಗೆ ಸಿಕ್ಕಿಸಿ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಒಂದು ಹನಿ ಚೆಲ್ಲದಂತೆ ಒಯ್ದು ಮೇಸ್ತ್ರಿಯ ಮುಂದೆ ಇಳಿಸಿದಳು. ಈಗ ಅವಳು ಗಂಟೆ ಬಾರಿಸಿದರೆ ಎಂಥ ಗಡವನಾದರೂ ದಾರಿ ಬಿಟ್ಟು ನಿಲ್ಲಬೇಕು. ಅದನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ. ನಿಜ ಹೇಳಬೇಕೆಂದರೆ ಭಯವಿತ್ತು.

ಮನೆಯಲ್ಲಿ ಮುಚ್ಚಿಡುವುದು ಆಗದ ಮಾತು. ಗಂಡ ಕ್ಷೌರದ ಅಂಗಡಿಯವನು. ದಿನವಿಡೀ ಜನರ ತಲೆ ಹಿಡಿದು ಅತ್ತ ಇತ್ತ ತಿರುಗಿಸುವವನಿಗೆ ಹೆಂಡತಿಯ ತಲೆ ಎಷ್ಟು ತಿರುಗುತ್ತದೆ ಎಂಬುದು ಎಷ್ಟು ದಿನ ತಿಳಿಯದೆ ಇದ್ದೀತು? ಊಟಕ್ಕೆ ಕೂತಾಗ ಅವಳು ಎಡಗಡೆಯ ಪಾತ್ರೆಗೆ ಇಡೀ ಮೈ ತಿರುಗಿಸಿದ್ದನ್ನು ನೋಡಿದ. ರಸ್ತೆ ದಾಟುವಾಗ ಎಡಗಡೆಯ ವಾಹನ ನೋಡಲಾಗದೆ ಅವಳು ಅವನ ತೋಳು ಹಿಡಿದು ನಿಲ್ಲುವುದನ್ನು ನೋಡಿದ. ಮೊದಲು ತಲೆದಿಂಬು ಬದಲಿಸಿದ. ದಪ್ಪದ್ದು ತಂದ, ತೆಳ್ಳಗಿನದು ತಂದ, ಕೊನೆಗೆ ದಿಂಬೇ ಬೇಡವೆಂದು ಟವೆಲು ಸುತ್ತಿ ಕೊಟ್ಟ. ನಾದಿನಿ ಒಂದು ಎಣ್ಣೆ ತಂದಳು, ವಾಸನೆಗೆ ಇಡೀ ಮನೆ ಮೂಗು ಮುಚ್ಚಿಕೊಂಡಿತು. ಓದುವ ಮಗಳು ಗೋಡೆಗೆ ಬೆನ್ನು ಕೊಟ್ಟು ಗದ್ದ ಒಳಕ್ಕೆಳೆಯುವ ವ್ಯಾಯಾಮ ಹೇಳಿಕೊಟ್ಟಳು. ಅದರಿಂದ ರಾತ್ರಿ ಸ್ವಲ್ಪ ಹಗುರವಾಗುತ್ತಿತ್ತು. ಬೆಳಿಗ್ಗೆ ಮತ್ತೆ ಅದೇ ಕುರ್ಚಿ, ಅದೇ ಏಳು ಏಟು.

ಅಂಗಡಿಯಲ್ಲಿ ಗಿರಾಕಿಗಳು ಕತ್ತು ನೆಟಿಗೆ ತೆಗೆಯಲು ಹೇಳಿದರೆ ತೆಗೆಯುತ್ತಿದ್ದ ಅವನು ಹೆಂಡತಿಯ ಕತ್ತಿಗೆ ಕೈ ಹಚ್ಚಲು ಒಪ್ಪಲಿಲ್ಲ. ಅವಳು ಒಂದು ಸಂಜೆ ಕೇಳಿಯೇ ಕೇಳಿದಳು, ಒಂದು ಸಲ ತಿರುಗಿಸಿ ನೋಡಿ ಎಂದು. ಅವನು ಕೈ ಒರೆಸಿಕೊಂಡು ಎದುರಿಗೆ ಕೂತ.

“ದಿನಕ್ಕೆ ಇಪ್ಪತ್ತು ಕತ್ತು ಹಿಡೀತೀನಿ. ನಿನ್ನ ಕತ್ತು ಮುಟ್ಟೋಕೆ ನನಗೆ ಭಯ ಆಗುತ್ತೆ. ಹೋಗಿ ಹೇಳ್ಬಿಡು.”

“ಹೇಳಿದ್ರೆ ಇಳಿಸ್ತಾರೆ.”

“ಇಳಿಸ್ಲಿ. ಕೆಳಗಿರೋರು ಯಾರೂ ಬದುಕ್ತಿಲ್ವಾ?”

ಆ ಮಾತಿಗೆ ಅವಳು ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದಕ್ಕೇ ಅಷ್ಟು ಸಿಟ್ಟು ಬಂದಿತ್ತು.

ಅವಳು ಇಷ್ಟು ಧೈರ್ಯವಾಗಿ ಮುಚ್ಚಿಟ್ಟುಕೊಂಡಿದ್ದು ಒಬ್ಬನನ್ನು ನಂಬಿ. ಅವನೇ ಸನ್ನೆಯಣ್ಣ. ಶೆಡ್ಡಿನ ಗದ್ದಲದಲ್ಲಿ ಮೇಲಿನವರಿಗೆ ಕೆಳಗಿನವರ ಮಾತು ಕೇಳುವ ಹಾಗೇ ಇಲ್ಲ. ಹಾಗಾಗಿ ಕೆಳಗೊಬ್ಬ ಹಸಿರು ಅಂಗಿ ತೊಟ್ಟು ನಿಂತು ಕೈಸನ್ನೆ ಮಾಡುತ್ತಾನೆ: ಎತ್ತು, ಇಳಿಸು, ಮುಂದೆ ಬಾ, ನಿಲ್ಲು. ಕ್ರೇನಿನವರು ಅವನೊಬ್ಬನ ಕೈ ಬಿಟ್ಟು ಇನ್ಯಾರ ಕೈಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಒಂದೇ ಒಂದು ಸನ್ನೆಗೆ ಮಾತ್ರ ಆ ಕಟ್ಟಳೆಯಿಲ್ಲ. ಎರಡೂ ಕೈ ಎತ್ತಿ ಅಡ್ಡಡ್ಡ ಬೀಸಿದರೆ ‘ನಿಲ್ಲಿಸು’ ಎಂದರ್ಥ, ಅದನ್ನು ಯಾರು ಮಾಡಿದರೂ ಆ ಕ್ಷಣಕ್ಕೆ ನಿಲ್ಲಿಸಬೇಕು.

ಸನ್ನೆಯಣ್ಣ ಕೋಲಿನಂಥ ಆಳು, ಮಾತು ಕಡಿಮೆ, ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಹತ್ತೊಂಬತ್ತು ವರ್ಷ ಅವನ ಕೈಯನ್ನು ನೋಡಿ ನೋಡಿ ಮೇಲಕ್ಕನಿಗೆ ಅವನ ಮುಖಕ್ಕಿಂತ ಅವನ ಬೆರಳುಗಳೇ ಹೆಚ್ಚು ಪರಿಚಯ. ಉದ್ದನೆಯ ತೊಲೆ ಸಾಗಿಸುವಾಗ ಸನ್ನೆಯವನು ಎಡಗಡೆ ನಿಲ್ಲಬೇಕೆಂಬುದು ವಾಡಿಕೆ. ಎಡಗೋಡೆಯ ಪಕ್ಕ, ಕ್ಯಾಬಿನ್ನಿನ ಕೆಳಗೆ ಅವಳ ಎಡಮಗ್ಗುಲಿಗೆ, ಒಂದು ಓಣಿಯಷ್ಟು ಜಾಗದಲ್ಲಿ ಸಾಣೆ ಹಿಡಿಯುವವರ ಮೇಜುಗಳಿದ್ದವು. ತೊಲೆಯ ಬಾಲ ಅವರ ತಲೆಯ ಮೇಲೆ ಹೋಗದಂತೆ ನೋಡಿಕೊಳ್ಳಲು ಅಲ್ಲಿ ನಿಲ್ಲುವುದು. ಆದರೆ ಮೂರು ವರ್ಷದ ಹಿಂದೆ, ಅವಳ ಕತ್ತು ಕೈಕೊಟ್ಟ ಒಂದೆರಡು ವಾರದಲ್ಲೇ, ಸನ್ನೆಯಣ್ಣ ಒಂದು ಬೆಳಿಗ್ಗೆ ಏನೂ ಹೇಳದೆ ಶೆಡ್ಡು ದಾಟಿ ಬಲಗಡೆಗೆ ಹೋಗಿ ನಿಂತ. ಮರುದಿನವೂ ಅಲ್ಲೇ ನಿಂತ. ಆಮೇಲೆ ಎಡಗಡೆಗೆ ಬರಲೇ ಇಲ್ಲ.

ಇವನಿಗೆ ಗೊತ್ತಾಗಿದೆ, ಗೊತ್ತಾಗಿಯೂ ಯಾರಿಗೂ ಹೇಳದೆ ನನ್ನ ಕಣ್ಣಿಗೆ ಸಿಗುವ ಕಡೆ ಬಂದು ನಿಂತಿದ್ದಾನೆ ಎಂದುಕೊಂಡಳು ಮೇಲಕ್ಕ. ಆ ಮಾತನ್ನು ಅವಳು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅವನ ಹೆಂಡತಿಗೆ ಹುಷಾರಿಲ್ಲದಾಗ ಅವರ ಮನೆಗೆ ಮೂರು ದಿನ ಅಡುಗೆ ಮಾಡಿ ಕಳಿಸಿದಳು. ಋಣ ತೀರಿಸುವುದಕ್ಕೆ ಅದು ಸಾಲದೆಂದು ಅವಳಿಗೆ ಅನಿಸುತ್ತಲೇ ಇತ್ತು.

ಈ ಸಲದ ವರ್ಷದ ತಪಾಸಣೆಯಲ್ಲಿ ಕಣ್ಣು ಕಿವಿಯ ಜೊತೆಗೆ ಕತ್ತನ್ನೂ ನೋಡುತ್ತಾರೆಂದು ನೋಟಿಸು ಬಂತು. ತಪಾಸಣೆಯ ಗುರುವಾರಕ್ಕೆ ಇನ್ನು ಹನ್ನೊಂದು ದಿನವಿತ್ತು. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದಳು. ಭುಜ ಸ್ವಲ್ಪ ತಿರುಗಿಸಿ ಕಣ್ಣುಗುಡ್ಡೆ ಪೂರ್ತಿ ಎಡಕ್ಕೆ ತಳ್ಳಿದರೆ ನೋಡಿದವರಿಗೆ ಕತ್ತು ತಿರುಗಿದಂತೆಯೇ ಕಾಣುತ್ತದೆಯೇ ಎಂದು ಮಗಳನ್ನು ಕೇಳಿದಳು. ಮಗಳು ಕಳ್ಳಬೆಕ್ಕು ಕಂಡ ಹಾಗೆ ಕಾಣುತ್ತದೆ ಎಂದಳು. ಇಬ್ಬರೂ ನಕ್ಕರು, ನಗುವಾಗಲೂ ನೋಯಿತು.

ಗುರುವಾರ ಬಂತು. ಕಾರ್ಖಾನೆಯ ಡಾಕ್ಟರಮ್ಮ ಬೆಳಿಗ್ಗೆಯಿಂದ ಅರವತ್ತು ಜನರನ್ನು ನೋಡಿ ಸುಸ್ತಾಗಿದ್ದಳು. ಮೇಜಿನ ಮೇಲೆ ಬಾಗಿ ಬರೆಯುತ್ತಾ ತನ್ನ ಕತ್ತನ್ನೇ ಎಡಗೈಯಿಂದ ಒತ್ತಿಕೊಳ್ಳುತ್ತಿದ್ದಳು. ಮೇಲಕ್ಕನನ್ನು ಕೂರಿಸಿದ ಕುರ್ಚಿ ಗಿರಗಿರನೆ ತಿರುಗುವ ಜಾತಿಯದು. ಅದು ಕಣ್ಣಿಗೆ ಬಿದ್ದದ್ದೇ ತಡ ಅವಳಿಗೆ ದಾರಿ ಹೊಳೆಯಿತು. ಬಲಗೋಡೆಯ ಪಟ ನೋಡು ಎಂದಾಗ ನೆಟ್ಟಗೆ ನೋಡಿದಳು. ಎಡಗೋಡೆಯ ಗಡಿಯಾರದಲ್ಲಿ ಎಷ್ಟು ಗಂಟೆ ಎಂದಾಗ ಸೀರೆಯ ನೆರಿಗೆಯೊಳಗೆ ಹೆಬ್ಬೆರಳನ್ನು ನೆಲಕ್ಕೊತ್ತಿ ಕುರ್ಚಿಯನ್ನು ಸದ್ದಿಲ್ಲದೆ ಒಂದು ಗೇಣು ತಿರುಗಿಸಿದಳು. ಹನ್ನೆರಡೂ ಇಪ್ಪತ್ತು ಎಂದಳು. ಡಾಕ್ಟರಮ್ಮ ತಲೆ ಎತ್ತುವಷ್ಟರಲ್ಲಿ ಕುರ್ಚಿ ಮೊದಲಿನ ಜಾಗಕ್ಕೆ ಬಂದಿತ್ತು. ನೋವೇನಾದರೂ ಉಂಟೇ ಎಂದು ಕೇಳಿದ್ದಕ್ಕೆ ವಯಸ್ಸಾಯಿತಲ್ಲ, ಎಲ್ಲರಿಗೂ ಇರುವಷ್ಟು ಎಂದಳು. ಕಾಗದದ ಮೇಲೆ ಮೊಹರು ಬಿತ್ತು.

ಹೊರಗೆ ಬಂದಾಗ ಸರದಿಯಲ್ಲಿ ಸನ್ನೆಯಣ್ಣ ಕೂತಿದ್ದ. ಪಾಸೋ ಎಂದು ಕಣ್ಣಿನಲ್ಲೇ ಕೇಳಿದ. ಅವಳು ಹೂಂ ಎಂದು ರೆಪ್ಪೆ ಬಡಿದಳು. ಅವನ ಮುಖದಲ್ಲಿ ಎಂಥದೋ ಒಂದು ನಿರಾಳ ಹಾದುಹೋಯಿತು. ಅದನ್ನು ನೋಡಿ ಅವಳಿಗೆ ಅಳು ಬರುವಂತಾಯಿತು.

ಸೋಮವಾರ ಕೆಲಸಕ್ಕೆ ಬಂದರೆ ಶೆಡ್ಡಿನ ಬಲಗಡೆ ಒಂದು ಹೊಸ ಯಂತ್ರ ನಿಂತಿತ್ತು. ತೊಲೆಗೆ ತೂತು ಕೊರೆಯುವ ಯಂತ್ರ, ಒಂದು ಕೋಣೆಯಷ್ಟು ದೊಡ್ಡದು, ಇನ್ನೂ ತಾಡಪಾಲು ಬಿಚ್ಚಿರಲಿಲ್ಲ. ರಜೆಯ ದಿನ ತಂದು ಇಳಿಸಿದ್ದರು. ಸನ್ನೆಯಣ್ಣ ಮೂರು ವರ್ಷ ನಿಂತ ಜಾಗವನ್ನೆಲ್ಲ ಅದು ನುಂಗಿ, ತೊಲೆ ಹಾಯುವ ದಾರಿಗೂ ಯಂತ್ರಕ್ಕೂ ನಡುವೆ ಒಬ್ಬ ಮನುಷ್ಯ ಓರೆಯಾಗಿ ನುಸುಳುವಷ್ಟು ಸಂದು ಉಳಿದಿತ್ತು.

ಮೇಸ್ತ್ರಿ ಎಲ್ಲರನ್ನೂ ಸೇರಿಸಿ ಹೇಳಿದ. ಇನ್ನು ಮೇಲೆ ಬಲಗಡೆ ಯಾರೂ ನಿಲ್ಲಕೂಡದು, ಸನ್ನೆಯವನು ಎಡಗಡೆ ನಿಂತೇ ಸನ್ನೆ ಮಾಡಬೇಕು. ಸನ್ನೆಯಣ್ಣ ತಲೆಯಾಡಿಸಿದ. ಮೇಲಕ್ಕ ಏಣಿಯ ಬುಡದಲ್ಲಿ ಒಂದು ನಿಮಿಷ ನಿಂತಳು. ಹೇಳುವುದಿದ್ದರೆ ಅದೇ ಹೊತ್ತು. ಮೇಸ್ತ್ರಿ ಎದುರಿಗೇ ಇದ್ದ, ಏನಕ್ಕಾ ಎಂದೂ ಕೇಳಿದ. ಅವಳು ಏನಿಲ್ಲ ಎಂದು ಮೊದಲ ಮೆಟ್ಟಿಲು ಹತ್ತಿದಳು. ನಾಲ್ಕು ದಿನದ ಹಿಂದೆ ಮೊಹರು ಹಾಕಿಸಿಕೊಂಡು ಬಂದವಳು ಇವತ್ತು ಯಾವ ಬಾಯಲ್ಲಿ ಹೇಳುವುದು? ಹತ್ತುವಾಗ ಒಂದೊಂದು ಮೆಟ್ಟಿಲಿಗೂ ಒಂದೊಂದು ಉಪಾಯ ಯೋಚಿಸಿದಳು, ಒಂದೂ ಉಪಯೋಗಕ್ಕೆ ಬರುವಂಥದಲ್ಲ.

ಮೊದಲ ಎರಡು ಗಂಟೆ ಸಣ್ಣಪುಟ್ಟ ತುಂಡುಗಳು. ಹೇಗೋ ನಡೆಯಿತು. ಹತ್ತೂವರೆಗೆ ದೊಡ್ಡ ತೊಲೆಯ ಸರದಿ ಬಂತು: ಹದಿನಾರು ಮೀಟರಿನದು, ಎಂಟು ಟನ್ನು. ಸರಪಳಿ ಬಿಗಿದರು. ಅವಳು ಗಂಟೆ ಬಾರಿಸಿ ಕೆಳಗೆ ಹಸಿರು ಅಂಗಿಗಾಗಿ ಹುಡುಕಿದಳು. ಸನ್ನೆಯಣ್ಣ ಎಡಗಡೆಯ ಓಣಿಯ ಕಡೆಗೆ ನಾಲ್ಕು ಹೆಜ್ಜೆ ನಡೆದ. ನಿಂತ. ಮೇಸ್ತ್ರಿ ಆ ಕಡೆ ತಿರುಗಿದ್ದನ್ನು ನೋಡಿಕೊಂಡು ಸರಕ್ಕನೆ ಶೆಡ್ಡು ದಾಟಿ ಬಲಗಡೆಯ ಆ ಸಂದಿನೊಳಗೆ ಹೊಕ್ಕು, ಯಂತ್ರಕ್ಕೆ ಬೆನ್ನು ಹಚ್ಚಿ ನಿಂತು ಕೈ ಎತ್ತಿದ.

ಮೇಲಕ್ಕನಿಗೆ ಮೊದಲು ಆದದ್ದು ಸಮಾಧಾನ. ಉಸಿರು ಬಿಟ್ಟಳು. ಅವನು ಎಂಥ ಜಾಗದಲ್ಲಿ ನಿಂತಿದ್ದಾನೆ ಎಂಬುದು ಹೊಳೆದದ್ದು ಅದರ ಮರುಕ್ಷಣ. ಆ ಮೊದಲ ಸಮಾಧಾನವನ್ನು ಅವಳು ಮುಂದೆ ಎಷ್ಟೋ ದಿನ ತನಗೆ ತಾನೇ ಕ್ಷಮಿಸಿಕೊಳ್ಳಲಾರದೆ ಒದ್ದಾಡಿದಳು. ಬೇಡ, ಹೊರಗೆ ಬಾ ಎಂದು ಗಾಜಿನೊಳಗಿಂದ ತಲೆಯಾಡಿಸಲು ನೋಡಿದಳು, ತಲೆ ಆಡಲಿಲ್ಲ. ಅವನ ಬೆರಳುಗಳು ‘ಎತ್ತು’ ಎಂದವು. ಹತ್ತೊಂಬತ್ತು ವರ್ಷ ಆ ಬೆರಳು ಹೇಳಿದ್ದನ್ನು ಮಾಡಿದ ಕೈ ಅವಳದು, ಎತ್ತಿತು.

ತೊಲೆ ಸೊಂಟದೆತ್ತರಕ್ಕೆ ಏರಿ ಓರೆಯಾಗಿ ತೂಗತೊಡಗಿತು. ಎಡತುದಿ ಮುಂದೆ, ಬಲತುದಿ ಹಿಂದೆ. ‘ಮುಂದೆ ಬಾ’ ಎಂದ. ಅವಳು ಎಂದಿನಂತೆ ಬಲು ನಿಧಾನ ಬಿಟ್ಟಳು. ಮೂರು ವರ್ಷದಿಂದ ಅವಳು ಆಮೆಯ ಹಾಗೆಯೇ ಓಡಿಸುತ್ತಿದ್ದಳು. ಜೋರು ಓಡಿಸಿದರೆ ಜೋಡಣೆಯ ಏಟನ್ನು ಕತ್ತು ತಾಳುತ್ತಿರಲಿಲ್ಲ. ಮೊದಲ ಜೋಡಣೆ ದಾಟಿತು. ಸನ್ನೆಯಣ್ಣ ಸಂದಿನಲ್ಲಿ ಅಡ್ಡಡ್ಡ ಹೆಜ್ಜೆಯಿಡುತ್ತಾ ಜೊತೆಗೇ ಸರಿಯುತ್ತಿದ್ದ. ಅವನ ಬೆನ್ನು ತಾಡಪಾಲಿಗೆ ಉಜ್ಜುತ್ತಿತ್ತು. ಎದೆಗೂ ತೊಲೆಗೂ ಎರಡು ಮೊಳ. ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಎರಡು ಮೊಳವನ್ನೇ ನೋಡುತ್ತಿದ್ದಳು. ಬೇರೇನನ್ನೂ ನೋಡುತ್ತಿರಲಿಲ್ಲ. ಎರಡನೆಯ ಜೋಡಣೆ. ಮೂರನೆಯದು.

ಆಗ ಕುರ್ಚಿಯ ಅಡಿಯಿಂದ ಒಂದು ಜಗ್ಗು ಬಂತು. ಜೋಡಣೆಯ ಏಟಲ್ಲ, ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ. ಅವಳು ಹಿಡಿಯನ್ನು ಸೆಳೆದು ನಿಲ್ಲಿಸಿದಳು. ಎಂಟು ಟನ್ನಿನ ತೊಲೆ ಮಾತ್ರ ನಿಲ್ಲಲಿಲ್ಲ. ಅದರ ಎಡತುದಿ ಎಲ್ಲೋ ಸಿಕ್ಕಿಕೊಂಡಿತ್ತು, ಆದ್ದರಿಂದ ಬಲತುದಿ ಬೀಸಿಕೊಂಡು ಹೊರಟಿತು. ಅವಳ ಕಣ್ಣೆದುರಿಗೇ ಆ ಎರಡು ಮೊಳ ಒಂದಾಯಿತು, ಒಂದು ಇಲ್ಲವಾಯಿತು. ಯಂತ್ರಕ್ಕೆ ಬಡಿದ ಸದ್ದು ಗಾಜು ತೂರಿ ಬಂತು. ಸಂದಿನೊಳಗಿಂದ ಒಂದು ಹೆಲ್ಮೆಟ್ಟು ಹಾರಿಬಿದ್ದು ಉರುಳುತ್ತಾ ಬಂದು ಶೆಡ್ಡಿನ ನಡುವೆ ನಿಂತಿತು.

ಹೆಲ್ಮೆಟ್ಟು ಕಾಣುತ್ತಿತ್ತು, ಮನುಷ್ಯ ಕಾಣುತ್ತಿರಲಿಲ್ಲ. ತೊಲೆ ಅಡ್ಡವಾಗಿತ್ತು. ಅವಳು ಕುರ್ಚಿಯಿಂದ ಅರ್ಧ ಎದ್ದು ಹಣೆಯನ್ನು ಗಾಜಿಗೊತ್ತಿದಳು. ಕತ್ತಿಗೆ ಏನಾಯಿತೋ ಅವಳಿಗೆ ತಿಳಿಯಲಿಲ್ಲ. ಹಸಿರು ಬಟ್ಟೆ ಎಲ್ಲಾದರೂ ಕಾಣಲಿ ಎಂದು ಹುಡುಕಿದಳು. ಕೆಳಗೆ ಜನ ಓಡುತ್ತಿದ್ದರು, ಬಾಯಿಗಳು ತೆರೆಯುತ್ತಿದ್ದವು, ಅವಳಿಗೆ ಒಂದು ಶಬ್ದವೂ ಕೇಳುತ್ತಿರಲಿಲ್ಲ. ಕೊಂದುಬಿಟ್ಟೆ, ಅವನನ್ನು ಕೊಂದುಬಿಟ್ಟೆ ಎಂದು ಅವಳ ತುಟಿ ತಾನಾಗಿಯೇ ಹೇಳುತ್ತಿತ್ತು.

ಆಮೇಲೆ ಯಂತ್ರದ ಮರೆಯಿಂದ ಒಂದು ಕೈ ಮೇಲೆದ್ದಿತು. ಬೆರಳು ಕೆಳಮುಖವಾಗಿ ಸಣ್ಣಗೆ ಸುತ್ತಿತು. ‘ಇಳಿಸು’. ಸನ್ನೆ ಎಂದಿನಂತೆ ಚೊಕ್ಕವಾಗಿತ್ತು. ಅವಳು ತೊಲೆಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಇಳಿಸಿ ನೆಲಕ್ಕೆ ಕೂರಿಸಿದಳು. ಕರೆಂಟು ಆರಿಸಿದಳು. ಕೀಲಿ ಕಿತ್ತು ಸೆರಗಿಗೆ ಕಟ್ಟಿಕೊಂಡು ಏಣಿ ಇಳಿದಳು.

ಸನ್ನೆಯಣ್ಣ ಯಂತ್ರದ ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ. ಅಂಗಿಯ ಭುಜ ಹರಿದು ಚರ್ಮ ಸುಲಿದಿತ್ತು, ಅಷ್ಟೇ. ಯಂತ್ರದ ಎರಡು ಕಾಲುಗಳ ನಡುವೆ ಒಂದು ಗೂಡಿನಂಥ ಜಾಗವಿತ್ತು. ಅದರೊಳಕ್ಕೆ ಬಿದ್ದು ಉಳಿದಿದ್ದ. ಮೇಸ್ತ್ರಿ ಮೇಲಿಂದ ಕೆಳಗೆ ಬೈಯುತ್ತಿದ್ದ. ಅಲ್ಲಿ ನಿಲ್ಲಬೇಡ ಎಂದು ಬೆಳಿಗ್ಗೆ ತಾನೇ ಬಡಕೊಂಡಿರಲಿಲ್ಲವೇ, ಎಡಗಡೆ ನಿಲ್ಲಲು ನಿನಗೇನು ದಾಡಿ ಎಂದು ಕೇಳುತ್ತಿದ್ದ. ಸನ್ನೆಯಣ್ಣ ನೆಲ ನೋಡುತ್ತಿದ್ದ.

ಮೇಲಕ್ಕ ಅವರಿಬ್ಬರ ನಡುವೆ ಹೋಗಿ ನಿಂತಳು. ಅವನ ತಪ್ಪಿಲ್ಲ ಎಂದಳು. ತನ್ನ ಕತ್ತು ಎಡಕ್ಕೆ ತಿರುಗುವುದಿಲ್ಲ, ಮೂರು ವರ್ಷವಾಯಿತು, ಗುರುವಾರ ಕುರ್ಚಿ ತಿರುಗಿಸಿ ಮೋಸ ಮಾಡಿದೆ, ತನಗೆ ಕಾಣಲಿ ಎಂದೇ ಈ ಮನುಷ್ಯ ಬಲಗಡೆ ನಿಲ್ಲುತ್ತಿದ್ದ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ಮೇಸ್ತ್ರಿಯ ಕೈಗೆ ಕೊಟ್ಟಳು. ಇಷ್ಟು ವರ್ಷ ಹೆದರಿದ್ದು ಇಷ್ಟಕ್ಕೇನೇ ಎನಿಸಿತು.

ಸನ್ನೆಯಣ್ಣ ತಲೆ ಎತ್ತಿ ಅವಳನ್ನು ನೋಡಲು ಹೋದ. ಪೂರ್ತಿ ಎತ್ತಲಾಗಲಿಲ್ಲ. ಅಂಗೈಯನ್ನು ಕತ್ತಿನ ಹಿಂದೆ ಇಟ್ಟು, ತಲೆಯನ್ನು ಕೈಯಿಂದಲೇ ಹಿಂದಕ್ಕೆ ತಳ್ಳಿಕೊಂಡು ಅವಳ ಮುಖದವರೆಗೆ ಕಣ್ಣು ತಂದ.

“ನಿನ್ನ ಕತ್ತಿನ ವಿಷಯ ನನಗೆ ಗೊತ್ತೇ ಇರ್ಲಿಲ್ಲ ಕಣಕ್ಕ” ಎಂದ.

ಅವಳಿಗೆ ಅರ್ಥವಾಗಲಿಲ್ಲ. ಅವನು ತಡೆತಡೆದು ಹೇಳಿದ. ಹತ್ತೊಂಬತ್ತು ವರ್ಷ ಮೇಲೆ ನೋಡಿ ನೋಡಿ ಅವನ ಕತ್ತು ಹಿಂದಕ್ಕೆ ಬಾಗುವುದು ನಿಂತುಹೋಗಿತ್ತು. ಬಲವಂತವಾಗಿ ಬಗ್ಗಿಸಿದರೆ ತಲೆ ಗಿರ್ರೆಂದು ನೆಲವೇ ತಿರುಗುತ್ತಿತ್ತು. ಎಡಗಡೆ ನಿಂತರೆ ಕ್ಯಾಬಿನ್ನು ನೆತ್ತಿಯ ಮೇಲೆ ಬರುತ್ತದೆ, ಅಷ್ಟು ಕತ್ತು ಎತ್ತಲು ಅವನಿಂದ ಆಗುತ್ತಿರಲಿಲ್ಲ. ಬಲಗಡೆಯ ದೂರದಿಂದಾದರೆ ಓರೆಯಾಗಿ ಕಾಣುತ್ತದೆ. ಹಾಗೆಂದು ಅತ್ತ ಹೋಗಿ ನಿಂತಿದ್ದ. ಗುರುವಾರ ಡಾಕ್ಟರಮ್ಮ ಎಡ ಬಲ ಎಂದು ಕೇಳಿದಳಂತೆ, ಮೇಲೆ ನೋಡು ಎನ್ನಲಿಲ್ಲವಂತೆ.

“ನಾನು ತಲೆಸುತ್ತಿ ಬೀಳ್ತೀನಿ ಅಂತ ನೀನು ಅಷ್ಟು ನಿಧಾನ ಓಡಿಸ್ತಿದ್ದೀಯ ಅಂದ್ಕೊಂಡಿದ್ದೆ. ಗೊತ್ತಿದ್ದೂ ಯಾರಿಗೂ ಹೇಳ್ಲಿಲ್ಲವಲ್ಲ ಅಂತ ದಿನಾ ನಿನಗೆ ಮನಸ್ಸಲ್ಲೇ ಕೈ ಮುಗೀತಿದ್ದೆ.”

ಮೇಲಕ್ಕ ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಅಷ್ಟು ವರ್ಷ ಅವಳು ಎದೆಯೊಳಗೆ ಇಟ್ಟುಕೊಂಡಿದ್ದ ಆ ಕೃತಜ್ಞತೆಯನ್ನು ಈಗ ಎಲ್ಲಿ ಇಳಿಸುವುದು ಎಂದು ಹೊಳೆಯಲಿಲ್ಲ. ನೆರೆದವರಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಮೇಸ್ತ್ರಿ ಕೀಲಿ ಹಿಡಿದುಕೊಂಡು ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿದ. ಆಮೇಲೆ ಮೇಸ್ತ್ರಿಯ ಮುಖ ಬಿಳಿಚಿತು. ಅವನು ತಿರುಗಿ ಎಡಗಡೆಯ ಓಣಿಯನ್ನು ನೋಡಿದ. ಇವರಿಬ್ಬರೂ ಆ ಕಡೆ ನೋಡಿದರು, ಮೇಲಕ್ಕ ಮೈಯೆಲ್ಲ ತಿರುಗಿಸಿ ನೋಡಿದಳು.

ಓಣಿಯಲ್ಲಿ ಸಾಣೆಯ ಮೇಜೊಂದು ಅಪ್ಪಚ್ಚಿಯಾಗಿ ಬಿದ್ದಿತ್ತು. ತೊಲೆ ಸಿಕ್ಕಿಕೊಂಡದ್ದು ಅದಕ್ಕೆ. ಪಕ್ಕದಲ್ಲಿ ತೊಲೆಗೆ ಬಣ್ಣ ಬಳಿಯುವವನೊಬ್ಬ ನಿಂತಿದ್ದ, ಇನ್ನೂ ಕೈ ಇಳಿಸಿರಲಿಲ್ಲ. ಎರಡೂ ಕೈ ಎತ್ತಿ ಅಡ್ಡಡ್ಡ ಬೀಸಿದೆ, ಬೀಸುತ್ತಲೇ ಇದ್ದೆ, ಯಾರೂ ನೋಡಲಿಲ್ಲ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ.

ಆ ಮೇಜಿನಲ್ಲಿ ಕೆಲಸ ಮಾಡುವ ಹೆಂಗಸು ನೀರು ತುಂಬಿಸಿಕೊಂಡು ಆಗಷ್ಟೇ ಬಂದಳು. ಮುಖಕ್ಕೆ ಮುಸುಕು, ಕಿವಿಗೆ ಹತ್ತಿ, ದಿನವಿಡೀ ತಲೆ ಬಗ್ಗಿಸಿ ಉಕ್ಕು ಉಜ್ಜುವವಳು. ತಲೆಯ ಮೇಲೆ ಗಂಟೆ ಬಾರಿಸಿದರೂ ಅವಳು ಮೇಲೆ ನೋಡಿದ್ದನ್ನು ಯಾರೂ ಕಂಡಿರಲಿಲ್ಲ. ಬಾಟಲಿ ಹಿಡಿದುಕೊಂಡೇ ಮೇಜಿನ ಮುಂದೆ ನಿಂತಳು. ತಾನು ಕೂರುವ ಜಾಗವನ್ನು ನೋಡಿದಳು. ಬಣ್ಣದವನು ನಡೆದದ್ದನ್ನು ಹೇಳಿದ, ಮೇಸ್ತ್ರಿ ಅದಕ್ಕೆ ಇವರಿಬ್ಬರ ಮೂರು ವರ್ಷದ ಕತ್ತಿನ ಕತೆಯನ್ನು ಸೇರಿಸಿದ. ಅವಳು ಕಿವಿಯ ಹತ್ತಿ ತೆಗೆದು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ನಿಧಾನವಾಗಿ ಶೆಡ್ಡು ದಾಟಿ ಮೇಲಕ್ಕನ ಎದುರಿಗೆ ಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಳು.

“ನೀವು ನೋಡ್ತಿರ್ತೀರ ಅಂತ ನಾನು ತಲೆ ಎತ್ತುತ್ತಿರ್ಲಿಲ್ಲ. ಮೂರು ವರ್ಷ ನನ್ನ ಕಡೆ ಯಾರು ನೋಡ್ತಿದ್ರು ಅಕ್ಕ?”

ಮೇಲಕ್ಕ ಸನ್ನೆಯಣ್ಣನನ್ನು ನೋಡಿದಳು. ಅವನು ಕತ್ತಿನ ಹಿಂದೆ ಕೈ ಇಟ್ಟುಕೊಂಡು ಕೂತಿದ್ದ. ಈ ಉತ್ತರ ತಾನೇ ಹೇಳಬೇಕೆಂದು ಅವಳಿಗೆ ತಿಳಿಯಿತು. ಎದ್ದು ನಿಂತು, ಆ ಹೆಂಗಸಿನ ಮುಖವನ್ನೇ ನೋಡುತ್ತಾ ಹೇಳಿದಳು.

“ಯಾರೂ ಇಲ್ಲಮ್ಮ.”